ವರ್ಲನ್‌ನ ಬಾಯಿಬಿಡದ ಕೋರಿಕೆ

ಸ್ಟೋನಿ ಲಿಕ್ ಚರ್ಚಿನ ಬುಧವಾರದ ಪ್ರಾರ್ಥನಾ ಕೂಟದಲ್ಲಿ ದೇವರನ್ನು ಏನು ಬೇಕಾದರೂ ಕೇಳಬಹುದಿತ್ತು. ಹಿರಿಯ ಓಡೆಲ್ ಸ್ಟಂಬೊ ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, "ಹೇಳ್ರಪ್ಪ, ಯಾರ್ಯಾರ್ದು ಏನೇನು?" ಎಂದು ವಿಚಾರಿಸುವುದು, ಜನ ಕೂತಲ್ಲೇ ಕೈ ಎತ್ತಿ ತಮ್ಮ ತಮ್ಮ ಕಷ್ಟ ಹೇಳಿಕೊಳ್ಳುವುದು, ಆಮೇಲೆ ಎಲ್ಲರೂ ತಲೆ ತಗ್ಗಿಸುವುದು. ಒಬ್ಬರದು ಪಿತ್ತಕೋಶ, ಇನ್ನೊಬ್ಬರದು ಅಳಿಯ, ಮತ್ತೊಬ್ಬರದು ಟ್ರಕ್ಕಿನ ಗೇರ್‌ಬಾಕ್ಸು. ದೇವರು ಇವೆಲ್ಲವನ್ನೂ ಒಂದೇ ಸಮನಾಗಿ ಕೇಳಿಸಿಕೊಳ್ಳುತ್ತಾನೆ ಎಂಬುದು ಅಮೆರಿಕದ ಕೆಂಟಕಿಯ ಆ ಬೆಟ್ಟಗಳ ನಡುವಿನವರ ನಂಬಿಕೆ. ಜನ ಮಾತ್ರ ಹಾಗೆ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರಿಗೆ ಪಿತ್ತಕೋಶಕ್ಕಿಂತ ಅಳಿಯನೇ ಹೆಚ್ಚು ಇಷ್ಟ.

ಇನ್ನೊಂದು ಸೌಕರ್ಯವೂ ಇತ್ತು. ನಾಲ್ಕು ಜನರ ಮುಂದೆ ಹೇಳಲಾಗದ ಸಂಕಟವಿದ್ದರೆ ಸುಮ್ಮನೆ ಕೈ ಎತ್ತಿ, "ಬಾಯಿಬಿಡದ ಕೋರಿಕೆ" ಎಂದರೆ ಸಾಕು. ಏನು, ಎತ್ತ ಎಂದು ಯಾರೂ ಕೇಳುವಂತಿಲ್ಲ. ಕೇಳದೆಯೇ ಪ್ರಾರ್ಥಿಸಬೇಕು. ತಲೆತಲಾಂತರದಿಂದ ಬಂದ ಈ ನಿಯಮವನ್ನು ಸ್ಟೋನಿ ಲಿಕ್‌ನಲ್ಲಿ ಯಾರೂ ಮುರಿದದ್ದಿಲ್ಲ. ಅವರು ಕೇಳುತ್ತಿರಲಿಲ್ಲ, ಊಹಿಸುತ್ತಿದ್ದರು, ಅಷ್ಟೇ.

ವರ್ಲನ್ ಟ್ಯಾಕೆಟ್ ಈ ಸೌಕರ್ಯವನ್ನು ಒಮ್ಮೆಯೂ ಬಳಸಿಕೊಂಡವನಲ್ಲ. ಮನೆಮನೆಗೆ ಹೋಗಿ ನೀರಿನ ಮೀಟರು ನೋಡಿಕೊಂಡು ಬರುವ ಕೆಲಸ ಅವನದು. ಐವತ್ತು ದಾಟಿತ್ತು. ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬರುವವರೆಗೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಮ್ಮೆ ಮೂಲವ್ಯಾಧಿಯಾದಾಗ ತುಂಬಿದ ಕೂಟದಲ್ಲಿ ಎದ್ದು ನಿಂತು, ಅದು ಯಾವಾಗ ಶುರುವಾಯಿತು, ಎಲ್ಲಿಯವರೆಗೆ ಬಂದಿದೆ, ಟ್ರಕ್ಕಿನ ಸೀಟಿನಲ್ಲಿ ಯಾವ ಮಗ್ಗುಲಿಗೆ ವಾಲಿ ಕೂತರೆ ತಡೆಯಬಹುದು ಎಂಬುದನ್ನೆಲ್ಲ ವಿವರಿಸಿ, ಮುಂದಿನ ಸಾಲಿನ ಇಬ್ಬರು ಹೆಂಗಸರು ಎದ್ದು ಹೊರಗೆ ಹೋಗುವಂತೆ ಮಾಡಿದ್ದ. ದೇವರ ಮುಂದೆ ಎಂಥ ನಾಚಿಕೆ ಎಂಬುದು ಅವನ ವಾದ. ದೇವರ ಅಕ್ಕಪಕ್ಕ ಕೂತವರ ಗತಿಯೇನು ಎಂಬುದು ಅವನ ಹೆಂಡತಿ ರೋನೆಲ್‌ಳ ವಾದ.

ಆ ಮೂಲವ್ಯಾಧಿಯೊಂದನ್ನು ಬಿಟ್ಟರೆ ವರ್ಲನ್ ಕೈ ಎತ್ತಿದ್ದೆಲ್ಲ ಒಂದೇ ಕಾರಣಕ್ಕೆ. ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ಕೊಲಂಬಿಯಾ ದೇಶದಿಂದ ಒಂದು ಮಗುವನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿ ವರ್ಷಗಳೇ ಆಗಿದ್ದವು. ಮಗುವಿನ ಕೋಣೆಗೆ ಬಳಿದ ಹಳದಿ ಬಣ್ಣ ಮಾಸಿ, ಮತ್ತೆ ಬಳಿದು, ಅದೂ ಮಾಸತೊಡಗಿತ್ತು. ವೃದ್ಧಾಶ್ರಮದಲ್ಲಿ ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬರುವ ರೋನೆಲ್, ತಾನು ಮಲಗುವ ಮುಂಚೆ ಆ ಕೋಣೆಯ ಕಿಟಕಿ ತೆಗೆದು ಗಾಳಿಯಾಡಿಸುತ್ತಿದ್ದಳು, ಯಾರೂ ಮಲಗದ ಹಾಸಿಗೆಯನ್ನು ಕೊಡವಿ ಹಾಸುತ್ತಿದ್ದಳು. ವರ್ಲನ್ ಬುಧವಾರ ತಪ್ಪದೆ ಕೈ ಎತ್ತಿ, "ನಮ್ಮ ಮಗು ಬೇಗ ಮನೆಗೆ ಬರ್ಲಿ ಅಂತ" ಎನ್ನುತ್ತಿದ್ದ. ಮೊದಮೊದಲು ಜನ ಕಣ್ಣೀರು ಹಾಕುತ್ತಿದ್ದರು. ಆಮೇಲಾಮೇಲೆ ತಲೆಯಾಡಿಸಿದರು. ಈಗೀಗ ಅವನ ಕೈ ಮೇಲೆದ್ದಾಗ ಹಾಡಿನ ಪುಸ್ತಕದಲ್ಲಿ ಮುಂದಿನ ಹಾಡು ಹುಡುಕಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಲೆಕ್ಸಿಂಗ್ಟನ್ನಿನ ದತ್ತು ಸಂಸ್ಥೆಯ ಮಿಸ್ ಗೇನ್ಸ್ ಫೋನು ಮಾಡಿದರು. ಮಿಸ್ ಗೇನ್ಸ್ ಎಂದರೆ ನಗುವುದಕ್ಕೂ ಮೇಲಿನಿಂದ ಅನುಮತಿ ಪಡೆಯಬೇಕೋ ಏನೋ ಎನ್ನುವಂಥ ಹೆಂಗಸು.

"ಮಗು ಸಿಕ್ಕಿದೆ, ಮಿಸ್ಟರ್ ಟ್ಯಾಕೆಟ್. ಹುಡುಗಿ. ಏಳು ವರ್ಷ. ಮಾರ್ಯೂರಿ ಅಂತ ಹೆಸರು. ಮೊದಲು ಕೂತ್ಕೊಳ್ಳಿ, ಇನ್ನೂ ಹೇಳೋದಿದೆ."

"ಕೂತಿದೀನಿ ಮೇಡಂ. ನೆಲದ ಮೇಲಿದೀನಿ."

"ಅಲ್ಲಿನ ಕೋರ್ಟು ಹೂಂ ಅನ್ನೋ ತನಕ ಈ ವಿಷಯ ನಿಮ್ಮಿಬ್ಬರ ಬಾಯಿಂದ ಆಚೆ ಹೋಗಕೂಡದು. ಹೆಸರು ಅಂತಲ್ಲ, ಮಗು ಸಿಕ್ಕಿದೆ ಅನ್ನೋದೇ ಆಚೆ ಹೋಗಕೂಡದು. ಇನ್ನೊಂದು, ನಿಮ್ಮನೆ ನೋಡಿ ಬಹಳ ದಿನ ಆಯ್ತು. ಶನಿವಾರ ಮತ್ತೆ ಬರ್ತೀನಿ. ನಿಮ್ಮ ವಯಸ್ಸು ನೋಡಿ ಅಲ್ಲಿಯವರು ಈಗಾಗ್ಲೇ ಹಿಂದೆಮುಂದೆ ನೋಡ್ತಿದಾರೆ. ಕಾಯಿಲೆ, ಗಂಡಹೆಂಡ್ತಿ ಜಗಳ, ಕುಡಿತ, ಇಂಥದ್ದು ಏನೇ ನನ್ನ ಕಿವಿಗೆ ಬಿದ್ರೂ ಅಲ್ಲಿಗೇ ನಿಲ್ಲಿಸ್ಬೇಕಾಗುತ್ತೆ. ಆಮೇಲೆ ಮಗು ನಿಮ್ಮದಲ್ಲ."

"ನಮ್ಮನೇಲಿ ಅಂಥದ್ದೇನೂ ಇಲ್ಲ ಮೇಡಂ," ಎಂದ ವರ್ಲನ್. ಸೋಮವಾರದ ಮಟ್ಟಿಗೆ ಅದು ನಿಜವಾಗಿತ್ತು.

ಬುಧವಾರ ಸಂಜೆ ರೋನೆಲ್ ಬೇರೊಬ್ಬಳ ಬದಲಿಗೆ ಬೇಗನೆ ಕೆಲಸಕ್ಕೆ ಹೋಗಬೇಕಾಗಿ ಬಂತು. ವರ್ಲನ್ ಒಬ್ಬನೇ ಕೂಟಕ್ಕೆ ಹೋದ. ಬಾಯಿ ಬಿಡಬಾರದೆಂದು ನಿರ್ಧರಿಸಿಯೇ ಹೋಗಿದ್ದ, ಬಿಡುತ್ತಲೂ ಇರಲಿಲ್ಲ. ಆದರೆ ಓಡೆಲ್ ಸ್ಟಂಬೊ ಎಲ್ಲರ ಕೋರಿಕೆಯನ್ನೂ ಕೇಳಿ ಮುಗಿಸಿ, ಇವನ ಕಡೆ ಕಣ್ಣೆತ್ತಿಯೂ ನೋಡದೆ, "ವರ್ಲನ್‌ದು ಹಳೇದೇ, ಸೇರಿಸ್ಕೊಂಬಿಡಿ. ಎಲ್ಲರೂ ತಲೆ ತಗ್ಗಿಸಿ," ಎಂದುಬಿಟ್ಟ.

ವರ್ಲನ್‌ನ ಎದೆಗೆ ಅದು ನಾಟಿತು. ಜಗತ್ತಿನಲ್ಲಿ ಅತ್ಯಂತ ದೊಡ್ಡ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತವನಿಗೆ ಹಳೇದು ಎಂದರೆ ಹೇಗಾಗಬೇಡ? ಅವನ ಕೈ ತನ್ನಷ್ಟಕ್ಕೆ ತಾನೇ ಮೇಲೆದ್ದಿತು.

"ನಂದು ಹಳೇದಲ್ಲ, ಬ್ರದರ್ ಓಡೆಲ್."

"ಹಾಗಾದ್ರೆ ಏನಯ್ಯ?"

ವರ್ಲನ್ ಬಾಯಿ ತೆರೆದ. ಮಗು ಬರಲಿ ಎಂದು ಮತ್ತೆ ಕೇಳಿದರೆ, ಕೊಟ್ಟಾಗಿರುವ ದೇವರಿಗೆ ಕೊಟ್ಟಿಲ್ಲ ಎಂದು ದೂರು ಹೇಳಿದಂತಾಗುತ್ತದೆ. ಸಿಕ್ಕಿದೆ ಎಂದರೆ ಮಿಸ್ ಗೇನ್ಸ್ ಮಗುವನ್ನೇ ಕೈತಪ್ಪಿಸಿಬಿಡುತ್ತಾರೆ. ಈ ಎರಡರ ನಡುವೆ ಸಿಕ್ಕಿಹಾಕಿಕೊಂಡವನಿಗೆ ಹೊಳೆದದ್ದು ಒಂದೇ.

"ಬಾಯಿಬಿಡದ ಕೋರಿಕೆ," ಎಂದ.

ಬೀಸಣಿಗೆಗಳು ನಿಂತವು. ಮೂಲವ್ಯಾಧಿಯನ್ನು ಅಷ್ಟು ವಿಸ್ತಾರವಾಗಿ ಹೇಳಿಕೊಂಡಿದ್ದ ಮನುಷ್ಯ ಬಾಯಿಬಿಡಲಾರದಂಥದ್ದು ಏನಿರಬಹುದು ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಶಕ್ತ್ಯನುಸಾರ ಯೋಚಿಸತೊಡಗಿದರು. ಓಡೆಲ್‌ನ ಪ್ರಾರ್ಥನೆ ಆ ದಿನ ನಡುಗುವ ದನಿಯಲ್ಲಿ ನಡೆಯಿತು. "ಆಮೆನ್" ಎಂದವರಲ್ಲಿ ಅರ್ಧ ಜನ ಒಂದು ಕಣ್ಣು ತೆರೆದುಕೊಂಡೇ ಅಂದರು.

ಈ ಚರ್ಚಿಗೊಂದು ಪ್ರಾರ್ಥನಾ ಸರಪಳಿಯೂ ಇತ್ತು. ಒಬ್ಬರು ಇನ್ನೊಬ್ಬರಿಗೆ ಫೋನು ಮಾಡಿ ಕೋರಿಕೆ ತಿಳಿಸುವುದು, ಅವರು ಮತ್ತೊಬ್ಬರಿಗೆ. ಇದರ ಮೊದಲ ಕೊಂಡಿ ಎಂಬತ್ತು ದಾಟಿದ ವಿಧವೆ ಓಲೀಟಾ ಪ್ರೇಟರ್. ಗಂಡನನ್ನು, ಇಬ್ಬರು ಅಣ್ಣಂದಿರನ್ನು, ಮೂರು ಬೆಕ್ಕುಗಳನ್ನು ದೊಡ್ಡ ಕಾಯಿಲೆಯಲ್ಲಿ ಕಳಕೊಂಡಿದ್ದ ಓಲೀಟಾಗೆ ಬೇರೆ ಯೋಚನೆಯೇ ಬರಲಿಲ್ಲ. "ಏನೂಂತ ಹೇಳ್ಲಿಲ್ಲ ಕಣಮ್ಮ. ಆದ್ರೆ ಮುಖದ ಬಣ್ಣ ನೋಡ್ದೆ. ಕ್ರಿಸ್ಮಸ್ ನೋಡ್ತಾನೋ ಇಲ್ವೋ," ಎಂದು ಎರಡನೆಯ ಕೊಂಡಿಗೆ ತಿಳಿಸಿದಳು.

ಗುರುವಾರ ಬೆಳಿಗ್ಗೆ ಪಾಳಿ ಮುಗಿಸಿ ಬಂದ ರೋನೆಲ್‌ಗೆ ಸ್ವಂತ ಮನೆಯ ಬಾಗಿಲು ತೆರೆಯಲಾಗಲಿಲ್ಲ. ಮೆಟ್ಟಿಲ ತುಂಬ ಬಿಸಿಬಿಸಿ ಗಾಜಿನ ತಟ್ಟೆಗಳು. ತಟ್ಟೆಯ ತಳದಲ್ಲಿ ಆಯಾ ಒಡತಿಯ ಹೆಸರಿನ ಚೀಟಿ. ಕೋಳಿ ಬೆರೆಸಿದ ಅನ್ನ, ಬೀನ್ಸ್, ಜೋಳದ ರೊಟ್ಟಿ, ಬಾಳೆಹಣ್ಣಿನ ಪುಡಿಂಗು. ಆ ಬೆಟ್ಟಗಳಲ್ಲಿ ನೆರೆಮನೆಗೆ ಕೊಂಡೊಯ್ಯುವ ಅಡುಗೆಗೊಂದು ಶಾಸ್ತ್ರವಿದೆ. ಮಗು ಹುಟ್ಟಿದರೆ ಹಣ್ಣಿನ ಕಡುಬು. ಕಾಯಿಲೆಗೆ ಕೋಳಿ. ಇಡೀ ಹಂದಿ ತೊಡೆಯನ್ನು ಬೇಯಿಸಿ, ಮೇಲೆ ಅನಾನಸು ಚುಚ್ಚಿದ ಹ್ಯಾಮ್ ಬಂತೆಂದರೆ ಒಂದೇ ಅರ್ಥ. ಎಲ್ಲ ತಟ್ಟೆಗಳ ನಡುವೆ ಅಂಥದೊಂದು ಹ್ಯಾಮ್ ಕೂತಿತ್ತು. ಓಲೀಟಾ ಯಾವುದನ್ನೂ ತಡಮಾಡುವವಳಲ್ಲ.

ರೋನೆಲ್ ಕೈಚೀಲವನ್ನು ಕೆಳಗೆ ಹಾಕಿದಳು. "ಯಾರು ಸತ್ರು?"

ಬಾಗಿಲೊಳಗೆ ನಿಂತಿದ್ದ ವರ್ಲನ್ ಹ್ಯಾಮನ್ನು ದಿಟ್ಟಿಸಿ ನೋಡಿದ. "ನಾನೇ ಇರ್ಬೇಕು," ಎಂದ.

ನಡೆದದ್ದೆಲ್ಲ ಕೇಳಿದ ಮೇಲೆ ರೋನೆಲ್ ಕೂತುಬಿಟ್ಟಳು. "ಶನಿವಾರದ ತನಕ, ವರ್ಲನ್. ಮೂರು ದಿನ ಸುಮ್ನಿರೋಕೆ ಆಗ್ಲಿಲ್ವಾ? ಕೈಯನ್ನ ತೊಡೆ ಕೆಳಗಾದ್ರೂ ಇಟ್ಕೊಂಡು ಕೂರ್ಬಾರ್ದಿತ್ತಾ?"

"ಸುಮ್ನೆ ಇದ್ದೆ ಕಣೆ. ಏನೂ ಹೇಳ್ಲೇ ಇಲ್ಲ. ಅದೇ ಯಡವಟ್ಟಾಗಿದ್ದು."

"ಹೋಗು. ಹೋಗಿ ಆ ಮುದುಕಿಗೆ ನಾನು ಚೆನ್ನಾಗಿದೀನಿ ಅಂತ ಹೇಳಿ ಬಾ. ಅಷ್ಟೇ ಹೇಳು. ಅದರ ಮೇಲೆ ಒಂದು ಮಾತು ಬೇಡ."

ವರ್ಲನ್ ಮೀಟರು ನೋಡುವ ನೆಪದಲ್ಲಿ ಓಲೀಟಾಳ ಅಂಗಳಕ್ಕೆ ಹೋದ. ಅವಳು ಜಗಲಿಯಿಂದಲೇ ಕೈಚಾಚಿದಳು. "ಬಾ ಮಗಾ. ನೀನ್ಯಾಕೆ ಬಿಸಿಲಲ್ಲಿ ಬಂದೆ? ನೀರಿನ ಮೀಟರು ಎಲ್ಲಿಗೂ ಓಡಿಹೋಗಲ್ಲ."

"ಸಿಸ್ಟರ್ ಓಲೀಟಾ, ನಂಗೇನೂ ಕಾಯಿಲೆ ಇಲ್ಲ."

ಓಲೀಟಾಳ ಕಣ್ಣು ತುಂಬಿತು. "ನಮ್ಮನೆಯವರೂ ಇದನ್ನೇ ಅಂತಿದ್ರು. ಕೊನೇ ದಿನವೂ ಅಂದ್ರು."

"ದೇವರಾಣೆ ಇಲ್ಲ."

"ಆಣೆ ಬೇರೆ ಇಡ್ತಿದಾನೆ, ಪಾಪ. ಆಣೆ ಇಡಬಾರದು ಅಂತ ಗೊತ್ತಿದ್ದೂ ಇಡ್ಬೇಕಾದ್ರೆ ಎಷ್ಟು ಹೆದರಿರಬೇಕು!"

ಮಾತಿನಿಂದ ಆಗದ್ದನ್ನು ಮಾಡಿ ತೋರಿಸಿಬಿಡೋಣ ಎಂದು ವರ್ಲನ್‌ಗೆ ಅನ್ನಿಸಿತು. ಅಂಗಳದ ನಡುವೆ ನಿಂತು, ಕೈ ಮೇಲೆತ್ತಿ, ಸೊಂಟ ಬಗ್ಗಿಸಿ ಕಾಲ್ಬೆರಳು ಮುಟ್ಟಿದ. ಮುಟ್ಟುವುದೇನೋ ಮುಟ್ಟಿದ, ಮೇಲಕ್ಕೆ ಏಳಲಾಗಲಿಲ್ಲ. ಸೊಂಟ ಲಟಕ್ಕೆಂದಿತು. ಅರ್ಧಕ್ಕೆ ಬಗ್ಗಿದ ಮನುಷ್ಯ "ಅಯ್ಯಪ್ಪಾ" ಎನ್ನುತ್ತ ಬೇಲಿ ಹಿಡಿದುಕೊಂಡು ಟ್ರಕ್ಕಿನವರೆಗೆ ಹೋದದ್ದನ್ನು ಆ ಬೀದಿಯಲ್ಲಿ ಕಣ್ಣಿದ್ದವರೆಲ್ಲರೂ ನೋಡಿದರು. ಸಂಜೆಯ ಹೊತ್ತಿಗೆ ಇನ್ನೆರಡು ಹ್ಯಾಮ್ ಬಂದವು.

ಶುಕ್ರವಾರ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಓಡೆಲ್‌ನ ಹಾರ್ಡ್‌ವೇರ್ ಅಂಗಡಿಗೆ ಹೋದ. ಓಡೆಲ್ ನ್ಯಾಯವಂತ, ಹೇಳಿದ್ದನ್ನು ಕೇಳುವವನು. "ಕಾಯಿಲೆ ಅಲ್ವೇ ಅಲ್ಲ, ಬ್ರದರ್. ಆ ಕೋರಿಕೆ ಬೇರೇನೇ," ಎಂದ ವರ್ಲನ್.

ಓಡೆಲ್ ಮೊಳೆ ತೂಗುವುದನ್ನು ನಿಲ್ಲಿಸಿದ. ಅಂಗಡಿಯಲ್ಲಿ ಬೇರೆ ಯಾರಿದ್ದಾರೆಂದು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಾನೂ ಅದನ್ನೇ ಅಂದ್ಕೊಂಡೆ. ಬುಧವಾರ ರೋನೆಲ್ ಬಂದಿರ್ಲಿಲ್ಲ."

"ಅವಳಿಗೆ ಡ್ಯೂಟಿ ಇತ್ತು."

"ಹೂಂ. ಡ್ಯೂಟಿ," ಎಂದ ಓಡೆಲ್. ಆ ಎರಡು ಮಾತಿನಲ್ಲಿ ಒಂದು ಸಂಸಾರ ಮುರಿದು ಬಿದ್ದಿತ್ತು. "ನೋಡಯ್ಯ, ನನ್ನ ಹೆಂಡ್ತೀನೂ ಒಂದ್ಸಲ ಹೊರಟೇಹೋಗಿದ್ಲು. ಹೂವು ತಗೊಂಡು ಹೋಗಿ ಕಾಲು ಹಿಡ್ಕೊಂಡೆ. ಗಂಡಸು ಅನ್ನೋ ಜಂಬ ಮನೆ ಆಚೆ ಇಟ್ಕೋಬೇಕು."

ವರ್ಲನ್‌ಗೆ ವಾದಿಸಲು ತ್ರಾಣವಿರಲಿಲ್ಲ. ಅವನು ಮಾಡಿದ ತಪ್ಪೆಂದರೆ, ಹೆಂಡತಿಗೆ ಹೂವು ತಂದುಕೊಟ್ಟು ಬಹಳ ದಿನವಾಯಿತಲ್ಲ ಎಂದು ದಾರಿಯಲ್ಲಿ ನಿಜವಾಗಿಯೂ ಒಂದು ಗೊಂಚಲು ಕೊಂಡದ್ದು. ಅದನ್ನು ಹಿಡಿದು ಬೀದಿಯಲ್ಲಿ ಬಂದಾಗ ಒಂದು ಮನೆಯವರು, ಪಾಪ ತನ್ನ ಸಾವಿನ ಹೂವನ್ನು ತಾನೇ ಆರಿಸಿಕೊಂಡ ಎಂದರು. ಎದುರು ಮನೆಯವರು, ಹಾಗಾದರೆ ತಪ್ಪು ಇವನದೇ ಎಂದರು. ರೋನೆಲ್ ಹೂವು ನೋಡಿದ ಕೂಡಲೇ, "ಈಗ ಇನ್ನೇನು ಮಾಡಿಟ್ಟು ಬಂದೆ?" ಎಂದು ಕೇಳಿದಳು.

ಅಂದು ಸಂಜೆ ಪಾಸ್ಟರ್ ಕೆಂಡಲ್ ಊಸ್ಲಿ ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ನಾಲ್ಕು ಮಕ್ಕಳ ತಂದೆ, ಯಾವಾಗಲೂ ನಿದ್ದೆಗೆಟ್ಟ ಮುಖ. ಗಂಡಹೆಂಡತಿಯನ್ನು ಒಂದೇ ಸೋಫಾದ ಮೇಲೆ ಕೂರಿಸಿ ಇಬ್ಬರನ್ನೂ ಬಹಳ ಹೊತ್ತು ನೋಡಿದರು. ಇವರ ನಡುವೆ ಏನೂ ಕೆಟ್ಟಿಲ್ಲವೆಂಬುದು ಅವರಿಗೂ ಮನವರಿಕೆಯಾಯಿತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಕಾಯಿಲೆಯೂ ಅಲ್ಲ, ಸಂಸಾರವೂ ಅಲ್ಲ ಎಂದ ಮೇಲೆ ಉಳಿದದ್ದೇನು? ಆ ಜಿಲ್ಲೆಯಲ್ಲಿ ಹೆಂಡ ಮಾರುವುದಕ್ಕೆ ಅನುಮತಿ ಇರಲಿಲ್ಲವಾದ್ದರಿಂದ ಕುಡುಕನಾಗಬೇಕಾದರೆ ಬಹಳ ಓಡಾಡಬೇಕಿತ್ತು. ಮೀಟರು ನೋಡುವವನು ದಿನವಿಡೀ ಓಡಾಡುತ್ತಲೇ ಇರುತ್ತಾನೆಂಬುದು ಪಾಸ್ಟರಿಗೆ ಆಗ ಹೊಳೆಯಿತು. ಅವರು ಬಾಗಿ, ವರ್ಲನ್‌ನ ಮೊಣಕಾಲಿನ ಮೇಲೆ ಕೈಯಿಟ್ಟು, "ಬಾಟಲಿಯಾ, ಬ್ರದರ್?" ಎಂದು ಕೇಳಿದರು. ರೋನೆಲ್ ಎದ್ದು ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅತ್ತಳೋ ನಕ್ಕಳೋ ಹೊರಗೆ ಕೂತವರಿಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರೂ ಮನೆಯನ್ನು ಒರೆಸಿ ಒರೆಸಿ ಕನ್ನಡಿ ಮಾಡಿದರು. ಬಂದ ಅಡುಗೆಯೆಲ್ಲ ಫ್ರಿಜ್ಜಿನೊಳಗೆ ಹೇಗೋ ತುರುಕಿದ್ದಾಯಿತು; ಹ್ಯಾಮುಗಳಿಗೆ ಮಾತ್ರ ಜಾಗ ಸಾಲಲಿಲ್ಲ. "ಮಿಸ್ ಗೇನ್ಸ್ ಕೂಡ ಈ ಕಡೆಯವ್ರೇ," ಎಂದಳು ರೋನೆಲ್. "ಹ್ಯಾಮ್ ನೋಡಿದ್ರೆ ಅರ್ಥ ಆಗದೆ ಇರುತ್ತಾ?" ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ವರ್ಲನ್ ಮೂರು ಹ್ಯಾಮನ್ನೂ ಎದೆಗವಚಿಕೊಂಡು ಮನೆಯೆಲ್ಲ ಒಂದು ಸುತ್ತು ಓಡಿದ. ಮತ್ತೆ ಕಾಣಿಸಿಕೊಂಡಾಗ ಕೈ ಖಾಲಿಯಿತ್ತು.

ಮಿಸ್ ಗೇನ್ಸ್ ಒಲೆ ನೋಡಿದರು, ಔಷಧಿಯ ಡಬ್ಬಿಗೆ ಬೀಗವಿದೆಯೇ ನೋಡಿದರು, ನಲ್ಲಿಯ ಬಿಸಿನೀರಿಗೆ ಬೆರಳಿಟ್ಟು ನೋಡಿದರು. ಎಲ್ಲವೂ ಸರಿಯಾಗಿತ್ತು. ಹಳದಿ ಕೋಣೆಗೆ ಬಂದರು. ಹೊಸ ಹೊದಿಕೆಯನ್ನು ಮುಟ್ಟಿ, "ಚೆನ್ನಾಗಿದೆ," ಎಂದರು. ಅವರ ಬಾಯಿಂದ ಆ ಮಾತು ಬರುವುದು ಸಣ್ಣ ಸಂಗತಿಯಲ್ಲ. ರೋನೆಲ್ ಉಸಿರು ಬಿಟ್ಟಳು. ಆಮೇಲೆ ಅವರು ಮಗುವಿನ ಬಟ್ಟೆಬೀರು ತೆರೆದರು.

ಸಾಲಾಗಿ ತೂಗುಹಾಕಿದ ಪುಟ್ಟ ಲಂಗಗಳ ಕೆಳಗೆ ಮೂರು ಹ್ಯಾಮುಗಳು ಕೂತಿದ್ದವು.

ಮಿಸ್ ಗೇನ್ಸ್ ನಿಧಾನವಾಗಿ ತಿರುಗಿದರು. "ಯಾರು ಸತ್ರು?"

ವರ್ಲನ್ ಬಾಯಿ ತೆರೆಯುವುದಕ್ಕೂ ಮುಂಬಾಗಿಲು ಬಡಿಯುವುದಕ್ಕೂ ಸರಿಹೋಯಿತು. ಅಂಗಳದಲ್ಲಿ ಗುರುತಿಲ್ಲದ ಕಾರು ನಿಂತಿರುವುದನ್ನು ಕಂಡು ಸ್ಟೋನಿ ಲಿಕ್ ಸುಮ್ಮನಿರುವುದುಂಟೇ? ಓಲೀಟಾ, ಓಡೆಲ್, ಪಾಸ್ಟರು ಮೂವರೂ ಬೇರೆಬೇರೆ ದಿಕ್ಕಿನಿಂದ ಬಂದು ಒಂದೇ ಹೊಸ್ತಿಲಲ್ಲಿ ಸೇರಿದ್ದರು. ರೋನೆಲ್ ಬೇಡ ಎನ್ನುವಷ್ಟರಲ್ಲಿ ಒಳಗೆ ಬಂದು ಕೂತೂ ಆಗಿತ್ತು.

ಓಲೀಟಾ ಸೀದಾ ಮಿಸ್ ಗೇನ್ಸ್‌ರ ಕೈ ಹಿಡಿದುಕೊಂಡಳು. ಇವರು ಆಸ್ಪತ್ರೆಯಿಂದ ಬಂದ ನರ್ಸು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. "ನೋವು ಗೊತ್ತಾಗದ ಹಾಗೆ ನೋಡ್ಕೊಳ್ಳಿ ತಾಯೀ. ನನ್ನ ಹತ್ರ ಮುಚ್ಚಿಡ್ಬೇಡಿ. ಎಷ್ಟು ದಿನ ಅಂದ್ರು ಡಾಕ್ಟ್ರು?"

"ಸುಮ್ನಿರು ಓಲೀಟಾ. ಇವ್ರು ನರ್ಸ್ ಅಲ್ಲ, ಕೈಯಲ್ಲಿ ಚರ್ಮದ ಚೀಲ ನೋಡು, ವಕೀಲ್ರು," ಎಂದ ಓಡೆಲ್. ಟೋಪಿ ತೆಗೆದು ಎದೆಗಿಟ್ಟುಕೊಂಡ. "ಮೇಡಂ, ಇಪ್ಪತ್ತು ವರ್ಷದ ಸಂಸಾರ ಇದು. ಅವನು ಮಾಡಿದ್ದು ತಪ್ಪೇ ಇರ್ಬಹುದು. ಹೂವು ಕೂಡ ತಂದ್ಕೊಟ್ಟಿದಾನೆ. ಬಿಡುಗಡೆ ಕಾಗದಕ್ಕೆ ಇವತ್ತೇ ಸಹಿ ಹಾಕಿಸ್ಬೇಡಿ."

ಪಾಸ್ಟರು ಗಂಟಲು ಸರಿಮಾಡಿಕೊಂಡರು. "ಕ್ಷಮಿಸಿ. ಕುಡಿತ ಬಿಡಿಸೋ ಕೇಂದ್ರದವರು ತಾನೇ ನೀವು? ಅವನು ಒಳ್ಳೇ ಮನುಷ್ಯ. ನಾವೆಲ್ಲ ಜೊತೇಲಿರ್ತೀವಿ."

ಕಾಯಿಲೆ, ಜಗಳ, ಕುಡಿತ. ಫೋನಿನಲ್ಲಿ ಮಿಸ್ ಗೇನ್ಸ್ ಯಾವ ಮೂರನ್ನು ಹೇಳಿದ್ದರೋ ಅದೇ ಮೂರು, ಅದೇ ಕ್ರಮದಲ್ಲಿ ಬಂದು ಕೂತಿದ್ದವು. ಬೆಟ್ಟಗಳಾಚೆ, ಸಮುದ್ರದಾಚೆ ಎಲ್ಲೋ ಇರುವ ಹುಡುಗಿಯೊಬ್ಬಳು ತನ್ನ ಕೈಯಿಂದ ಜಾರುತ್ತಿರುವುದು ವರ್ಲನ್‌ಗೆ ಕಾಣುತ್ತಿತ್ತು. ನಿಜ ಹೇಳಿದರೂ ಜಾರುತ್ತಾಳೆ, ಹೇಳದಿದ್ದರೂ ಜಾರುತ್ತಾಳೆ. ಅವನು ರೋನೆಲ್‌ಳನ್ನು ನೋಡಿದ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು.

"ಮಿಸ್ಟರ್ ಟ್ಯಾಕೆಟ್," ಎಂದರು ಮಿಸ್ ಗೇನ್ಸ್. "ಇದೆಲ್ಲ ಏನು?"

"ಬುಧವಾರ ಕೂಟದಲ್ಲಿ ಕೈ ಎತ್ತಿದೆ ಮೇಡಂ. ಬಾಯಿಬಿಡದ ಕೋರಿಕೆ ಅಂದೆ. ನೀವು ಹೇಳಿದ್ದಕ್ಕೆ ಬಾಯಿ ಬಿಡ್ಲಿಲ್ಲ. ಅಷ್ಟೇ ಮಾಡಿದ್ದು."

ಮಿಸ್ ಗೇನ್ಸ್ ಓಲೀಟಾಳ ಹಿಡಿತದಿಂದ ತಮ್ಮ ಕೈ ಬಿಡಿಸಿಕೊಂಡರು. ಅವರೂ ಇಂಥದ್ದೇ ಚರ್ಚಿನಲ್ಲಿ ಬೆಳೆದವರು. ಒಂದು ಬಾಯಿಬಿಡದ ಕೋರಿಕೆಯಿಂದ ಮೂರು ದಿನದಲ್ಲಿ ಏನೇನಾಗಬಹುದೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ನಾನು ಬಾಯಿ ಮುಚ್ಕೊಂಡಿರಿ ಅಂದೆ. ಕೈ ಎತ್ತಿ ಅನ್ಲಿಲ್ಲ," ಎಂದರು. ಆಮೇಲೆ ಬಂದವರ ಕಡೆ ತಿರುಗಿದರು. "ನಾನು ನರ್ಸಲ್ಲ. ವಕೀಲಳಲ್ಲ. ಕುಡಿತ ಬಿಡಿಸೋಳೂ ಅಲ್ಲ. ಮಕ್ಕಳನ್ನ ದತ್ತು ಕೊಡಿಸೋ ಸಂಸ್ಥೆಯವಳು."

ಮೂವರ ಮುಖದಲ್ಲೂ ಮೂರು ಬಗೆಯ ಊಹೆಯ ಕಟ್ಟಡಗಳು ಒಟ್ಟಿಗೇ ಕುಸಿದವು.

"ಮಗು ಸಿಕ್ತಾ?" ಎಂದಳು ಓಲೀಟಾ, ಅರ್ಧ ಉಸಿರಿನಲ್ಲಿ.

"ಅದನ್ನ ನಾನು ಹೇಳೋ ಹಾಗಿಲ್ಲ."

ಹೇಳದಿದ್ದರೂ ಎಲ್ಲರಿಗೂ ಗೊತ್ತಾಯಿತು. ಓಲೀಟಾ ತಾನು ಕೂತಿದ್ದ ಕುರ್ಚಿಯಲ್ಲೇ ಮತ್ತೊಮ್ಮೆ ಕೂತಳು. ಓಡೆಲ್ ಮೂಗು ಒರೆಸಿಕೊಂಡ. ವರ್ಷಗಟ್ಟಲೆ ಕೇಳಿದ್ದು, ಕೇಳಿ ಕೇಳಿ ಹಳೇದು ಎನ್ನಿಸಿಕೊಂಡದ್ದು, ಕೊನೆಗೂ ಆಗಿತ್ತು. ಆ ಬುಧವಾರ ಅದನ್ನು ಕೇಳಿಸಿಕೊಳ್ಳದೆ ಹೋದವನು ತಾನೇ ಎಂಬುದು ಆ ಮುದುಕನಿಗೆ ಆಗ ಹೊಳೆದಿರಬೇಕು.

"ಈಗ ನೀವೆಲ್ಲ ಬಂದಿರೋದೂ ಒಂದು ರೀತೀಲಿ ಒಳ್ಳೇದೇ ಆಯ್ತು," ಎಂದರು ಮಿಸ್ ಗೇನ್ಸ್. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ಇವರ ಮನೆ ಚೆನ್ನಾಗಿದೆ. ಡಾಕ್ಟರಿಗೆ ಸೊಂಟ ತೋರಿಸಿದ್ರೆ ಸಾಕು, ಮಿಕ್ಕಿದ್ದಕ್ಕೆ ನಾನು ಸಹಿ ಹಾಕಬಲ್ಲೆ. ಒಂದೇ ಒಂದು ವಿಷಯಕ್ಕೆ ಉತ್ತರ ಸಿಕ್ಕಿಲ್ಲ. ನಾನು ಯಾವ ಮಗುವಿನ ಮಾತೂ ಆಡ್ತಿಲ್ಲ. ಒಂದು ಮಗು ಇದೆ ಅಂತ ಅಂದ್ಕೊಳ್ಳಿ. ಅದರ ಅಮ್ಮ ತೀರ್ಕೊಂಡ್ರು. ಅಜ್ಜಿ ಸಾಕಿದ್ರು, ಅಜ್ಜಿಯೂ ತೀರ್ಕೊಂಡ್ರು. ನಿಂಗೊಬ್ರು ಅಪ್ಪ ಅಮ್ಮ ಸಿಗ್ತಾರೆ, ಆದ್ರೆ ಸ್ವಲ್ಪ ವಯಸ್ಸಾದೋರು ಅಂತ ಅಲ್ಲಿಯವರು ಹೇಳಿದ್ರು. ಆ ಮಗು ಒಂದೇ ಪ್ರಶ್ನೆ ಕೇಳ್ತಂತೆ. ಅವರೂ ಸತ್ತೋದ್ರೆ ನಾನು ಯಾರ ಹತ್ರ ಹೋಗ್ಬೇಕು, ಅಂತ. ಹೋಗೋಕೆ ಒಪ್ತೀಯಾ ಅಂತ ಕೇಳಿದ್ರೆ, ಮೊದ್ಲು ಇದನ್ನ ಹೇಳಿ ಅಂತ ಕೂತಿದೆ."

ವರ್ಲನ್ ನೆಲ ನೋಡಿದ. ಅವನಿಗೆ ಒಡಹುಟ್ಟಿದವರಿರಲಿಲ್ಲ. ರೋನೆಲ್‌ಗಿದ್ದ ತಮ್ಮ ಗಣಿಯಲ್ಲಿ ತೀರಿಕೊಂಡಿದ್ದ. ಆ ಪ್ರಶ್ನೆಯನ್ನು ಅವರಿಬ್ಬರೂ ಬಹಳ ದಿನದಿಂದ ಮುಂದಕ್ಕೆ ತಳ್ಳುತ್ತ ಬಂದಿದ್ದರು.

ಮೂರು ದಿನದಿಂದ ವರ್ಲನ್‌ನನ್ನು ಬಗೆಬಗೆಯಾಗಿ ಸಾಯಿಸಿದ್ದ ಜನ, ಅವನು ಸತ್ತರೆ ಎಂಬ ಮಾತು ಒಂದು ಮಗುವಿನ ಬಾಯಿಂದ ಬಂದಾಗ ತಲೆಯೆತ್ತಲಾರದೆ ಕೂತರು.

"ನನ್ನ ಹತ್ರ ಬರ್ಲಿ," ಎಂದಳು ಓಲೀಟಾ. "ನಾನು ಈಗಾಗ್ಲೇ ಹಿಂದಿನ ಕೋಣೆ ಖಾಲಿ ಮಾಡಿದೀನಿ. ಇವನು ಹೋದ್ಮೇಲೆ ರೋನೆಲ್ ಒಬ್ಬಳೇ ಇರ್ಬಾರ್ದು ಅಂತ."

"ನಿಂಗೆ ಎಂಬತ್ತು ದಾಟಿದೆ ಓಲೀಟಾ," ಎಂದ ಓಡೆಲ್. "ವರ್ಲನ್ ಸಾಯೋ ಹೊತ್ತಿಗೆ ನೀನಿರ್ತೀಯಾ?"

"ಅವನು ಕ್ರಿಸ್ಮಸ್‌ಗೆ ಮುಂಚೆ ಹೋಗ್ತಾನೆ ಅಂತಿತ್ತಲ್ಲ. ಆ ಲೆಕ್ಕದಲ್ಲಿ ಹೇಳ್ದೆ."

"ನಾನು ಗಟ್ಟಿಮುಟ್ಟಾಗಿದೀನಿ," ಎಂದ ವರ್ಲನ್. ಯಾರೂ ಅವನ ಮಾತಿಗೆ ಗಮನ ಕೊಡಲಿಲ್ಲ.

"ಮೊದಲ ಹೆಸರು ನಮ್ದು ಬರ್ಕೊಳ್ಳಿ," ಎಂದರು ಪಾಸ್ಟರು. "ಮನೇಲಿ ಈಗ್ಲೇ ನಾಲ್ಕಿದಾವೆ. ಐದನೇದು ಬಂದಿದ್ದು ನಮ್ಗೆ ಗೊತ್ತಾಗೋಕೇ ಒಂದು ವಾರ ಬೇಕು. ನನ್ನ ಹೆಂಡ್ತೀನ ಕೇಳ್ಬೇಕಾಗಿಲ್ಲ, ಅವಳು ಬೈಯೋದು ಯಾಕೆ ಮೊದ್ಲೇ ಹೇಳ್ಲಿಲ್ಲ ಅಂತ."

"ಸಾಕು. ಒಂದು ಹೆಸರು ಇದ್ರೆ ಸಾಕು ನಮ್ಗೆ," ಎಂದು ಮಿಸ್ ಗೇನ್ಸ್ ಪೆನ್ನು ತೆಗೆದರು.

"ನಿಮ್ಗೆ ಸಾಕು ತಾಯೀ," ಎಂದಳು ಓಲೀಟಾ. "ಇಬ್ಬರನ್ನ ಮಣ್ಣು ಮಾಡಿರೋ ಮಗುಗೆ ಒಂದು ಹೆಸರು ಎಲ್ಲಿ ಸಾಕಾಗುತ್ತೆ? ಪಾಸ್ಟರು ಆದ್ಮೇಲೆ ಯಾರು ಅಂತ ಅದು ಕೇಳಲ್ವಾ?"

ಪಾಸ್ಟರಾದ ಮೇಲೆ ಓಡೆಲ್‌ನ ಮಗಳು ಲೂರೀನ್. ಲೂರೀನ್ ಆದ ಮೇಲೆ ಚರ್ಚಿನಲ್ಲಿ ಪಿಯಾನೊ ನುಡಿಸುವವಳು. ಅವಳಿಗೆ ಸಿಟ್ಟು ಜಾಸ್ತಿಯಾದರೂ ಮಕ್ಕಳೆಂದರೆ ಪ್ರಾಣ. ಆಮೇಲೆ ಸ್ಕೂಲ್ ಬಸ್ಸು ಓಡಿಸುವವನು ಮತ್ತು ಅವನ ಹೆಂಡತಿ. ಅವನು ಬೇಡ, ಬಸ್ಸು ಜೋರಾಗಿ ಓಡಿಸುತ್ತಾನೆ ಎಂದು ಓಡೆಲ್ ಅಡ್ಡಿ ಬಂದ. ಮಗುವನ್ನು ಬಸ್ಸಿನಲ್ಲಿ ಸಾಕುತ್ತಾರೇನಯ್ಯ ಎಂದು ಓಲೀಟಾ ರೇಗಿದಳು. ಪಿಯಾನೊದವಳು ಬಸ್ಸಿನವನಿಗಿಂತ ಮುಂದೋ ಹಿಂದೋ ಎಂಬುದರ ಮೇಲೆ ಪಾಸ್ಟರಿಗೂ ಓಡೆಲ್‌ಗೂ ಮಾತಿಗೆ ಮಾತು ಬೆಳೆಯಿತು. ಸೊಂಟ ಹಿಡಿದುಕೊಂಡು ಕೂತ ವರ್ಲನ್‌ನ ಎದುರೇ ಅವನ ಸಾವಿನ ಆಚೆಯ ವರ್ಷಗಳಿಗಾಗಿ ಜನ ಕಿತ್ತಾಡುತ್ತಿದ್ದರು. ಬದುಕಿರುವ ಮನುಷ್ಯನಿಗೆ ಇಷ್ಟು ಸುಖ ಕೊಟ್ಟ ಜಗಳವನ್ನು ಅವನು ಹಿಂದೆ ಕಂಡಿರಲಿಲ್ಲ. ಏನಾದರೂ ಹೇಳಬೇಕೆಂದುಕೊಂಡ, ಜೀವನದಲ್ಲಿ ಮೊದಲ ಸಲ ಅವನಿಗೆ ಮಾತು ಹೊರಡಲಿಲ್ಲ. ರೋನೆಲ್ ಬಂದು ಅವನ ಪಕ್ಕ ಕೂತು ಕೈ ಹಿಡಿದುಕೊಂಡಳು.

ಮಿಸ್ ಗೇನ್ಸ್ ಹೇಳಿದ್ದನ್ನೆಲ್ಲ ಬರೆದುಕೊಂಡರು. ಕಾಗದ ಮುಗಿದಾಗ ಇನ್ನೊಂದು ತೆಗೆದರು.

ಎರಡು ವಾರದ ಮೇಲೆ ಅವರ ಫೋನು ಬಂತು. ಗಂಡಹೆಂಡತಿ ಇಬ್ಬರೂ ರಿಸೀವರಿಗೆ ಕಿವಿಯೊಡ್ಡಿ ನಿಂತರು.

"ಕೊಲಂಬಿಯಾದವರು ಮಗುವನ್ನ ಕೂರಿಸ್ಕೊಂಡು ಆ ಹೆಸರನ್ನೆಲ್ಲ ಒಂದೊಂದಾಗಿ ಓದಿ ಹೇಳಿದ್ರಂತೆ," ಎಂದರು ಮಿಸ್ ಗೇನ್ಸ್. "ಇವರಾದ್ಮೇಲೆ ಇವರು, ಇವರಾದ್ಮೇಲೆ ಇವರು ಅಂತ. ಪೂರ್ತಿ ಕೇಳಿಸ್ಕೊಂಡ್ಳಂತೆ. ತುಂಬಾ ಹೊತ್ತು ಯೋಚನೆ ಮಾಡಿದ್ಳಂತೆ."

"ಏನಂದ್ಲು?" ಎಂದಳು ರೋನೆಲ್.

"ಅಷ್ಟೂ ಜನ ಸಾಯೋ ಹೊತ್ತಿಗೆ ನಾನೇ ಮುದುಕಿ ಆಗಿರ್ತೀನಲ್ಲ, ಅಂದ್ಳಂತೆ." ಮಿಸ್ ಗೇನ್ಸ್ ಮೇಲಿನಿಂದ ಅನುಮತಿ ಬರುವವರೆಗೆ ಕಾಯಲಿಲ್ಲ, ನಕ್ಕೇಬಿಟ್ಟರು. "ಅಂದೋಳೇ ಎದ್ದು ಹೋಗಿ ಚಪ್ಪಲಿ ಹಾಕ್ಕೊಂಡು ಬಂದು ಬಾಗಿಲ ಹತ್ರ ನಿಂತ್ಕೊಂಡ್ಳಂತೆ. ಕೋರ್ಟು ಆಗ್ಬೇಕಮ್ಮ, ಇನ್ನೂ ದಿನ ಇದೆ ಅಂತ ಹೇಳಿ ಚಪ್ಪಲಿ ಬಿಚ್ಚಿಸೋಷ್ಟರಲ್ಲಿ ಅಲ್ಲಿಯವರಿಗೆ ಸಾಕುಸಾಕಾಗಿ ಹೋಯ್ತಂತೆ."